ರೇ ಬ್ರೂಕ್‌ನಂಥ ಫೆಡರಲ್ ಸೆರೆಮನೆಯಲ್ಲಿ ಮನೆಯವರಿದ್ದರೆ: ಹೊರಗಿನಿಂದ ಮಾಡಬೇಕಾದ ಕೆಲಸಗಳು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 300 ಮೈಲಿ ಹೋದರೆ, ಅಡಿರಾಂಡಾಕ್ ಬೆಟ್ಟಗಳ ನಡುವೆ, ಲೇಕ್ ಪ್ಲಾಸಿಡ್ ಮತ್ತು ಸಾರನಾಕ್ ಲೇಕ್ ಎಂಬ ಎರಡು ಊರುಗಳ ಮಧ್ಯೆ ರೇ ಬ್ರೂಕ್ ಸಿಗುತ್ತದೆ. 1980ರ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದ ಕ್ರೀಡಾಪಟುಗಳಿಗೆಂದು ಇಲ್ಲಿ ಕಟ್ಟಿದ ವಸತಿಯನ್ನು, ಮೊದಲೇ ನಿರ್ಧರಿಸಿದ್ದಂತೆ, ಆಟ ಮುಗಿದ ಮೇಲೆ ಫೆಡರಲ್ ಸೆರೆಮನೆಯಾಗಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಸೆರೆಮನೆಯಾಗಿ, ಮಾರ್ಪಡಿಸಲಾಯಿತು. ಈಗ ಅದು ಗಂಡಸರನ್ನು ಇಡುವ, ಮಧ್ಯಮ ಭದ್ರತೆಯ ಸೆರೆಮನೆ.

ಮಗನೋ ಅಣ್ಣನೋ ಗಂಡನೋ ಇಂಥ ಕಡೆ ಶಿಕ್ಷೆ ಅನುಭವಿಸುತ್ತಿರುವಾಗ ಹೊರಗಿರುವ ಮನೆಯವರು, ಅವರು ನ್ಯೂಜೆರ್ಸಿಯಲ್ಲಿರಲಿ ದಾವಣಗೆರೆಯಲ್ಲಿರಲಿ, ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದೆ. ಉದಾಹರಣೆ ರೇ ಬ್ರೂಕ್‌ದಾದರೂ ಮೂಲ ನಿಯಮಗಳು ದೇಶದ ಎಲ್ಲ ಫೆಡರಲ್ ಸೆರೆಮನೆಗಳಿಗೂ ಒಂದೇ. ಭೇಟಿಯ ದಿನ, ಒಳಗಿನ ಅಂಗಡಿಯ ದಿನದಂಥ ವಿವರಗಳು ಮಾತ್ರ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ.

ಎಲ್ಲಕ್ಕಿಂತ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಹೊರಗಿರುವವರು ತಾವಾಗಿಯೇ ಶುರುಮಾಡಬಹುದಾದ ಕೆಲಸ ಎರಡೇ: ಪತ್ರ ಬರೆಯುವುದು, ಹಣ ಕಟ್ಟುವುದು. ಫೋನು, ಇಮೇಲ್, ಭೇಟಿ ಈ ಮೂರೂ ಒಳಗಿರುವವರು ನಿಮ್ಮ ಹೆಸರನ್ನು ತಮ್ಮ ಪಟ್ಟಿಗೆ ಸೇರಿಸಿದ ಮೇಲಷ್ಟೇ. ಇದು ಗೊತ್ತಿಲ್ಲದೆ ವಾರಗಟ್ಟಲೆ ಸೆರೆಮನೆಯ ಕಚೇರಿಗೆ ಫೋನ್ ಮಾಡಿ ಸುಸ್ತಾಗುವ ಮನೆಗಳು ಬಹಳ.

ಮಧ್ಯಮ ಭದ್ರತೆ ಎಂದರೆ

ಫೆಡರಲ್ ಕಾನೂನಿನಡಿ ಶಿಕ್ಷೆಯಾದವರನ್ನು ನೋಡಿಕೊಳ್ಳುವುದು ನ್ಯಾಯ ಇಲಾಖೆಯ ಅಧೀನದಲ್ಲಿರುವ ಬ್ಯೂರೋ ಆಫ್ ಪ್ರಿಸನ್ಸ್. 1930ರಲ್ಲಿ ಹುಟ್ಟಿದ ಇಲಾಖೆ. ರಾಜ್ಯ ಸರ್ಕಾರಗಳ ಸೆರೆಮನೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಈ ವ್ಯತ್ಯಾಸ ರೇ ಬ್ರೂಕ್‌ನಲ್ಲಿ ಕಣ್ಣಿಗೆ ಕಾಣುವಂಥದ್ದು: ಅದೇ ಊರಲ್ಲಿ ನ್ಯೂಯಾರ್ಕ್ ರಾಜ್ಯದ ಸೆರೆಮನೆಯೂ ಇದೆ. ಹೆಸರನ್ನು ಅರೆಬರೆ ನೋಡಿಕೊಂಡು ಹೊರಟರೆ ತಪ್ಪು ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ.

ಯಾರನ್ನು ಯಾವ ಮಟ್ಟದ ಸೆರೆಮನೆಗೆ ಹಾಕಬೇಕೆಂದು ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿಯಲ್ಲಿರುವ ಬ್ಯೂರೋದ ಕಚೇರಿ ಅಂಕ ಹಾಕಿ ತೀರ್ಮಾನಿಸುತ್ತದೆ. ಗಂಡಸರಿಗೆ 0ರಿಂದ 11 ಅಂಕ ಬಂದರೆ ಕನಿಷ್ಠ, 12ರಿಂದ 15 ಕಡಿಮೆ, 16ರಿಂದ 23 ಮಧ್ಯಮ, 24ಕ್ಕೆ ಮೇಲ್ಪಟ್ಟರೆ ಹೆಚ್ಚಿನ ಭದ್ರತೆ. ಹೆಂಗಸರ ವಿಂಗಡಣೆಯಲ್ಲಿ ಮಧ್ಯಮ ಎಂಬುದೇ ಇಲ್ಲ. ಅಪರಾಧದ ತೀವ್ರತೆ, ಹಿಂದಿನ ಶಿಕ್ಷೆಗಳು, ಹಿಂಸೆಯ ಇತಿಹಾಸ, ವಯಸ್ಸು ಎಲ್ಲಕ್ಕೂ ಅಂಕವಿದೆ. ಹಿಂಸೆಯ ಪ್ರಕರಣವೇ ಅಲ್ಲವಲ್ಲ, ಮಧ್ಯಮಕ್ಕೆ ಯಾಕೆ ಹಾಕಿದರು ಎಂದು ಕೇಳುವವರಿದ್ದಾರೆ. ವಯಸ್ಸು 24 ದಾಟದಿದ್ದರೆ ಅದಕ್ಕೇ 8 ಅಂಕ ಬೀಳುತ್ತದೆ. ಅನುಭವಿಸಬೇಕಾದ ಶಿಕ್ಷೆ 20 ವರ್ಷ ಮೀರಿದ್ದರೆ ಅಂಕ ಎಷ್ಟೇ ಕಡಿಮೆಯಿರಲಿ, ಸಾಮಾನ್ಯವಾಗಿ ಮಧ್ಯಮಕ್ಕಿಂತ ಕೆಳಗೆ ಇಡುವುದಿಲ್ಲ. ಗಡೀಪಾರಿಗೆ ಗುರಿಯಾಗಬಹುದಾದ ವಿದೇಶಿ ಪ್ರಜೆಗೆ ಕನಿಷ್ಠ ಭದ್ರತೆಯ ಕ್ಯಾಂಪ್ ಸಿಗುವುದಿಲ್ಲ.

ನಮ್ಮವರು ಗಮನಿಸಬೇಕಾದ ಇನ್ನೊಂದು ಅಂಕವಿದೆ. ಹೈಸ್ಕೂಲು ಮುಗಿಸಿದ್ದಕ್ಕೆ ದಾಖಲೆ ಇಲ್ಲದಿದ್ದರೆ 2 ಅಂಕ ಸೇರುತ್ತದೆ. ಊರಲ್ಲಿ ಬಿ.ಇ. ಮಾಡಿದ್ದರೂ ಶಿಕ್ಷೆಗೆ ಮುಂಚಿನ ತನಿಖಾ ವರದಿಯಲ್ಲಿ (ಆರೋಪಿಯ ಹಿನ್ನೆಲೆ ವಿಚಾರಿಸಿ ಕೋರ್ಟಿಗೆಂದು ಬರೆಯುವ ವರದಿ) ಅದು ಖಚಿತವಾಗದಿದ್ದರೆ ಓದಿಲ್ಲವೆಂದೇ ಲೆಕ್ಕ. ಹೈಸ್ಕೂಲು ಮಟ್ಟದ ಪರೀಕ್ಷೆಯ ತರಗತಿಯಲ್ಲೂ ಕೂರಬೇಕಾಗುತ್ತದೆ. 17 ಅಂಕದವರಿಗೆ ಈ 2 ಅಂಕ ಹೋದರೆ ಮಟ್ಟವೇ ಇಳಿಯಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿಗಳನ್ನು ಅಮೆರಿಕದ ಮೌಲ್ಯಮಾಪನ ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಿ, ವಕೀಲರ ಮೂಲಕ ಶಿಕ್ಷೆ ಪ್ರಕಟವಾಗುವ ಮುನ್ನವೇ ವರದಿಗೆ ಸೇರಿಸುವುದು ಒಳ್ಳೆಯದು. ಆ ಹೊತ್ತು ಮೀರಿದ್ದರೆ ಒಳಗಿನ ಶಿಕ್ಷಣ ವಿಭಾಗಕ್ಕೆ ಕೊಡಿಸಿ.

ಮಧ್ಯಮ ಭದ್ರತೆಯ ಸೆರೆಮನೆಗೆ ಎರಡು ಸಾಲಿನ ಬೇಲಿ, ಅದರ ಮೇಲೆ ಮುಟ್ಟಿದರೆ ಸುಳಿವು ಕೊಡುವ ವಿದ್ಯುನ್ಮಾನ ವ್ಯವಸ್ಥೆ ಇರುತ್ತದೆ. ಬಹುಪಾಲು ವಸತಿ ಬಾಗಿಲು ಹಾಕುವ ಕೋಣೆಗಳದ್ದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಗಂಟೆಗೊಮ್ಮೆ ಸುಮಾರು 10 ನಿಮಿಷ ಮಾತ್ರ ಬಾಗಿಲು ತೆರೆಯುತ್ತಾರೆ. ತಪ್ಪಿದರೆ ಮುಂದಿನ ಗಂಟೆಯವರೆಗೆ ಇದ್ದಲ್ಲೇ ಇರಬೇಕು. ಹೇಳಿದ ಹೊತ್ತಿಗೆ ಫೋನ್ ಬರಲಿಲ್ಲವೆಂದರೆ ಹಲವು ಸಲ ಕಾರಣ ಇಷ್ಟೇ.

ಸಂಖ್ಯೆ ಮತ್ತು ಹೆಸರು

ಪ್ರತಿ ಕೈದಿಗೂ 8 ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ: 5 ಅಂಕಿ, ಒಂದು ಅಡ್ಡಗೆರೆ, ಮತ್ತೆ 3 ಅಂಕಿ. ಸೆರೆಮನೆ ಬದಲಾದರೂ ಸಂಖ್ಯೆ ಬದಲಾಗದು. ಪತ್ರ, ಹಣ, ದೂರು ಎಲ್ಲಕ್ಕೂ ಅದೇ ಆಧಾರ. ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ, ಇಬ್ಬರು ಮೂವರ ಫೋನಿನಲ್ಲೂ ಇರಲಿ.

ಸಂಖ್ಯೆ ಗೊತ್ತಿಲ್ಲದಿದ್ದರೆ ಬ್ಯೂರೋದ ಜಾಲತಾಣದಲ್ಲಿ ಕೈದಿಯನ್ನು ಹುಡುಕುವ ಪುಟವಿದೆ. 1982ರಿಂದ ಈಚೆಗಿನವರೆಲ್ಲ ಅದರಲ್ಲಿ ಇದ್ದಾರೆ. ಹೆಸರು ಹಾಕಿದರೆ ವಯಸ್ಸು, ಈಗಿರುವ ಸೆರೆಮನೆ, ಬಿಡುಗಡೆಯ ಅಂದಾಜು ದಿನಾಂಕ ತೋರಿಸುತ್ತದೆ. ಕನ್ನಡಿಗರ ಹೆಸರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಇನಿಷಿಯಲ್ ಎಂದು ಬಿಟ್ಟದ್ದು ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿಕೊಂಡಿರುತ್ತದೆ, ಅದೇ ಅಲ್ಲಿ ಕುಲನಾಮವಾಗಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ 'ಮೊದಲ ಹೆಸರು ತಿಳಿಯದು' ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರವೇ ಮೊದಲ ಹೆಸರಾಗಿ ದಾಖಲಾಗಿರಬಹುದು. ಹೀಗಾಗಿ ಹೆಸರನ್ನು ಹಿಂದೆಮುಂದೆ ಮಾಡಿ ಹುಡುಕಿ. ಕೊನೆಯ 'ಅ'ಕಾರಕ್ಕೆ ಇಂಗ್ಲಿಷಿನ ಎ ಅಕ್ಷರ ಸೇರಿಸಿಯೂ ಬಿಟ್ಟೂ ಹುಡುಕಿ. 'ಶ'ಗೆ ಎಸ್, ಎಸ್‌ಎಚ್ ಎರಡನ್ನೂ ಪ್ರಯತ್ನಿಸಿ. ವಲಸೆ ಇಲಾಖೆ ಕೊಟ್ಟ ಸಂಖ್ಯೆ ಇದ್ದರೆ ಅದರಿಂದಲೂ ಹುಡುಕಬಹುದು. ಸಿಕ್ಕಿದ ಮೇಲೆ ಅಲ್ಲಿ ಯಾವ ಕಾಗುಣಿತವಿದೆಯೋ, ತಪ್ಪಾಗಿದ್ದರೂ ಸರಿ, ಅದನ್ನೇ ಎಲ್ಲ ಕಡೆ ಬಳಸಿ.

ಬ್ಯೂರೋದ ವಶದಲ್ಲಿಲ್ಲ ಎಂದು ತೋರಿಸಿದರೆ ಗಾಬರಿ ಬೇಡ. ವಿಚಾರಣೆ ನಡೆಯುವಾಗ ಅನೇಕರನ್ನು ಯು.ಎಸ್. ಮಾರ್ಷಲ್‌ಗಳು ಎಂಬ ಫೆಡರಲ್ ಅಧಿಕಾರಿಗಳು ಸ್ಥಳೀಯ ಕೌಂಟಿ ಜೈಲಿನಲ್ಲಿ ಇಡುತ್ತಾರೆ. ಶಿಕ್ಷೆಯಾದ ಮೇಲೆ ಬಸ್ಸಿನಲ್ಲೋ ಮಾರ್ಷಲ್‌ಗಳ ವಿಮಾನದಲ್ಲೋ ಸಾಗಿಸುತ್ತಾರೆ, ಹಲವರು ಒಕ್ಲಹೋಮ ಸಿಟಿಯ ವರ್ಗಾವಣೆ ಕೇಂದ್ರವನ್ನು ಹಾದು ಹೋಗುತ್ತಾರೆ. ಈ ಪ್ರಯಾಣ ವಾರಗಟ್ಟಲೆ ಹಿಡಿಯಬಹುದು. ಎಲ್ಲಿಗೆ, ಯಾವಾಗ ಎಂದು ಭದ್ರತೆಯ ಕಾರಣಕ್ಕೆ ಮೊದಲೇ ಹೇಳುವುದಿಲ್ಲ.

ಮೊದಲ ಪತ್ರ

ಸೆರೆಮನೆ ಗೊತ್ತಾದ ದಿನವೇ ಒಂದು ಪತ್ರ ಬರೆಯಿರಿ. ಪ್ರೀತಿಯ ಮಾತು ಎಷ್ಟಾದರೂ ಇರಲಿ, ಜೊತೆಗೆ ಒಂದು ಪಟ್ಟಿ ಇರಲೇಬೇಕು. ಸಂಪರ್ಕದಲ್ಲಿರಬೇಕಾದ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿರುವ ಹೆಸರು ಅಕ್ಷರ ಅಕ್ಷರವಾಗಿ, ಸಂಬಂಧ, ಹುಟ್ಟಿದ ದಿನಾಂಕ, ಮನೆಯ ವಿಳಾಸ ಪಿನ್ ಸಮೇತ, ದೇಶದ ಸಂಕೇತದೊಂದಿಗೆ ಫೋನ್ ಸಂಖ್ಯೆ, ಇಮೇಲ್ ಇವಿಷ್ಟನ್ನೂ ಇಂಗ್ಲಿಷಿನಲ್ಲಿ ಬರೆಯಿರಿ. ಒಳಗಿರುವವರ ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಹೆಂಡತಿಯ ಫೋನ್ ಸಂಖ್ಯೆಯೂ ನೆನಪಿಲ್ಲದವರೇ ಹೆಚ್ಚು. ಈ ಒಂದು ಪುಟ ತಲುಪಿದ ಮೇಲೆ ಉಳಿದದ್ದೆಲ್ಲ ತೆರೆದುಕೊಳ್ಳುತ್ತದೆ.

ಲಕೋಟೆಯ ಮೇಲೆ ಹೆಸರು, ನೋಂದಣಿ ಸಂಖ್ಯೆ, ಸೆರೆಮನೆಯ ಹೆಸರು, ಅಂಚೆ ವಿಳಾಸ ಬರೆಯಿರಿ. ಎಡ ಮೇಲ್ಗಡೆ ನಿಮ್ಮ ಪೂರ್ತಿ ವಿಳಾಸ. ಕೈದಿಗಳ ಅಂಚೆಗೆ ಬೇರೆ ವಿಳಾಸವಿರುವುದುಂಟು, ಅದನ್ನು ಆಯಾ ಸೆರೆಮನೆಯ ಪುಟದಲ್ಲಿ ನೋಡಿಕೊಳ್ಳಿ. ಬಿಳಿ ಹಾಳೆ, ಬಿಳಿ ಲಕೋಟೆ, ನೀಲಿ ಅಥವಾ ಕಪ್ಪು ಪೆನ್ನು. ಬಣ್ಣದ ಕಾಗದ, ಮಿನುಗು, ಅಂಟುಚೀಟಿ, ಅತ್ತರು, ಮಕ್ಕಳ ಕ್ರೇಯಾನ್ ಚಿತ್ರ ಯಾವುದೂ ಬೇಡ. ಕಾಗದವನ್ನು ಮಾದಕ ದ್ರವದಲ್ಲಿ ಅದ್ದಿ ಒಳಗೆ ಸಾಗಿಸುವ ದಂಧೆ ಹೆಚ್ಚಿದ ಮೇಲೆ ಹಲವು ಸೆರೆಮನೆಗಳು ಮೂಲ ಪತ್ರವನ್ನೇ ಕೊಡದೆ ಅದರ ಝೆರಾಕ್ಸ್ ಪ್ರತಿ ಕೊಡುತ್ತಿವೆ. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಅಟ್ವಾಟರ್ ಫೆಡರಲ್ ಸೆರೆಮನೆಯಲ್ಲಿ ಅಂಚೆ ನೋಡುತ್ತಿದ್ದ ಸಿಬ್ಬಂದಿಯೊಬ್ಬರು ತೀರಿಕೊಂಡ ನಂತರ ತಪಾಸಣೆ ಮತ್ತಷ್ಟು ಬಿಗಿಯಾಗಿದೆ. ದೇವರ ಪ್ರಸಾದ, ಕುಂಕುಮ, ವಿಭೂತಿಯನ್ನು ಪೊಟ್ಟಣ ಕಟ್ಟಿ ಪತ್ರದಲ್ಲಿಡುವ ಅಭ್ಯಾಸ ನಮ್ಮ ಅಮ್ಮಂದಿರಿಗಿದೆ. ದಯವಿಟ್ಟು ಬೇಡ. ಅಲ್ಲಿ ಅದು ಗುರುತಿಲ್ಲದ ಪುಡಿ. ಪತ್ರ ತಲುಪದಿರುವುದಷ್ಟೇ ಅಲ್ಲ, ಒಳಗಿರುವವರ ಮೇಲೆ ತನಿಖೆಯೂ ನಡೆಯಬಹುದು. ಅಂಚೆಚೀಟಿ ಕಳಿಸುವಂತಿಲ್ಲ, ಅದನ್ನು ಒಳಗಿನ ಅಂಗಡಿಯಲ್ಲೇ ಕೊಳ್ಳಬೇಕು.

ಕನ್ನಡದಲ್ಲಿ ಬರೆಯಬಹುದು. ಆದರೆ ಓದಿ ತಪಾಸಣೆ ಮಾಡುವವರಿಗೆ ಭಾಷೆ ಬಾರದಿದ್ದರೆ ಅನುವಾದಕ್ಕಾಗಿ ತಡವಾಗುತ್ತದೆ. ಹಾಗಾಗಿ ತುರ್ತಿನ ವಿಷಯ ಇಂಗ್ಲಿಷಿನ ಪತ್ರದಲ್ಲಿ, ಮನಸ್ಸಿನ ಮಾತು ಕನ್ನಡದ ಪತ್ರದಲ್ಲಿ, ಎರಡೂ ಬೇರೆ ಬೇರೆ ಲಕೋಟೆಯಲ್ಲಿ ಕಳಿಸಿ.

ಒಂದು ಕಾಗದವನ್ನು ಮಾತ್ರ ಎಂದೂ ಕಳಿಸಬೇಡಿ: ಶಿಕ್ಷೆಗೆ ಮುಂಚಿನ ತನಿಖಾ ವರದಿ. ಕೈದಿಗಳು ಅದರ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಒಳಗೆ ಬೇರೆಯವರು ಅದನ್ನು ತೋರಿಸೆಂದು ಬಲವಂತ ಮಾಡುವುದನ್ನು ತಡೆಯಲೆಂದೇ ಆ ನಿಯಮ. ಓದಬೇಕಿದ್ದರೆ ಕೈದಿಯ ಕಡತ ನೋಡಿಕೊಳ್ಳುವ ಕೇಸ್ ಮ್ಯಾನೇಜರ್ ಎದುರು ಕೂತು ಓದಬಹುದು.

ಪುಸ್ತಕದ ವಿಷಯದಲ್ಲಿ ಮಧ್ಯಮ ಭದ್ರತೆಗೆ ಕಟ್ಟುನಿಟ್ಟು ಹೆಚ್ಚು. ಕಡಿಮೆ ಭದ್ರತೆಯ ಕಡೆ ಮೆತ್ತನೆ ರಟ್ಟಿನ ಪುಸ್ತಕವನ್ನು ಯಾರು ಬೇಕಾದರೂ ಕಳಿಸಬಹುದು. ಮಧ್ಯಮದಲ್ಲಿ ಗಟ್ಟಿ ರಟ್ಟಿನದಾಗಲಿ ಮೆತ್ತನೆಯದಾಗಲಿ, ಪ್ರಕಾಶಕರಿಂದ ಅಥವಾ ಪುಸ್ತಕದಂಗಡಿಯಿಂದಲೇ ನೇರವಾಗಿ ಹೋಗಬೇಕು. ಮನೆಯಲ್ಲಿರುವ ಹಳೆಯ ಪುಸ್ತಕವನ್ನು ಕಟ್ಟಿ ಕಳಿಸಿದರೆ ವಾಪಸು ಬರುತ್ತದೆ. ಬೆಂಗಳೂರಿನ ಅಂಗಡಿಯಿಂದ ಕನ್ನಡ ಪುಸ್ತಕ ತರಿಸುವುದಾದರೆ ಅಂಗಡಿಯ ಹೆಸರಿರುವ ಮುದ್ರಿತ ಬಿಲ್ ಒಳಗಿರಲಿ, ಕಳಿಸಿದವರ ವಿಳಾಸ ಅಂಗಡಿಯದೇ ಆಗಿರಲಿ. ಮೊದಲು ತೆಳುವಾದ ಒಂದೇ ಪುಸ್ತಕ ಕಳಿಸಿ ನೋಡಿ; ತಲುಪಿದ ಮೇಲೆ ಮುಂದಿನದು.

ಹಣ

ಒಳಗೆ ಪ್ರತಿಯೊಬ್ಬರಿಗೂ ಒಂದು ಖಾತೆ ಇರುತ್ತದೆ. ಸೋಪು, ಚಪ್ಪಲಿ, ಬೂಟು, ತಿನಿಸು, ಅಂಚೆಚೀಟಿ, ಫೋನಿನ ನಿಮಿಷ, ಇಮೇಲ್ ಎಲ್ಲಕ್ಕೂ ಅದರಿಂದಲೇ ಖರ್ಚು. ದುಡಿಯಲು ಶಕ್ತರಾದ ಎಲ್ಲರೂ ಕೆಲಸ ಮಾಡಲೇಬೇಕು. ಕೂಲಿ ಗಂಟೆಗೆ 12 ಸೆಂಟ್‌ನಿಂದ 40 ಸೆಂಟ್. ಯೂನಿಕಾರ್ ಎಂಬ ಕಾರ್ಖಾನೆಯ ಕೆಲಸ ಸಿಕ್ಕರೆ 23 ಸೆಂಟ್‌ನಿಂದ 1.15 ಡಾಲರ್. ಮನೆಯಿಂದ ಹಣ ಬಾರದಿದ್ದರೆ ಬದುಕು ಎಷ್ಟು ಬಿಗಿ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಕಟ್ಟುವ ದಾರಿ ಮೂರು. ವೆಸ್ಟರ್ನ್ ಯೂನಿಯನ್ ಮೂಲಕವಾದರೆ ಕ್ವಿಕ್ ಕಲೆಕ್ಟ್ ಆಯ್ದುಕೊಂಡು, ಸಿಟಿ ಕೋಡ್ ಜಾಗದಲ್ಲಿ ಎಫ್‌ಬಿಒಪಿ, ರಾಜ್ಯದ ಜಾಗದಲ್ಲಿ ಡಿಸಿ ಎಂದು ಬರೆಯಬೇಕು. ಮನಿಗ್ರಾಮ್ ಆದರೆ ಸ್ವೀಕೃತಿ ಸಂಖ್ಯೆ 7932. ಎರಡರಲ್ಲೂ ಖಾತೆ ಸಂಖ್ಯೆ ಎಂದರೆ ಅಡ್ಡಗೆರೆ ಬಿಟ್ಟು 8 ಅಂಕಿ, ಅದಕ್ಕೆ ಅಂಟಿದಂತೆ ಕುಲನಾಮ. ಬೆಳಿಗ್ಗೆ 7ರಿಂದ ರಾತ್ರಿ 9ರೊಳಗೆ, ಅಮೆರಿಕದ ಪೂರ್ವ ಭಾಗದ ಸಮಯದಲ್ಲಿ, ಕಟ್ಟಿದರೆ ಕೆಲವು ಗಂಟೆಗಳಲ್ಲಿ ಜಮೆಯಾಗುತ್ತದೆ. ಒಂದು ಅಂಕಿ ತಪ್ಪಿದರೆ ಹಣ ಬೇರೊಬ್ಬ ಕೈದಿಯ ಖಾತೆಗೆ ಹೋಗಬಹುದು, ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ಮೂರನೆಯದು ಅಂಚೆ: ಮನಿ ಆರ್ಡರ್ ಮೇಲೆ ಹೆಸರು, ಸಂಖ್ಯೆ ಬರೆದು ಅಯೋವಾ ರಾಜ್ಯದ ಡೆ ಮಾಯ್ನ್ ನಗರದ ಪಿ.ಒ. ಬಾಕ್ಸ್ 474701, ಪಿನ್ 50947-0001ಕ್ಕೆ ಕಳಿಸುವುದು. ನಗದು, ವೈಯಕ್ತಿಕ ಚೆಕ್ ನಡೆಯದು. ಆ ಲಕೋಟೆಯಲ್ಲಿ ಪತ್ರ, ಫೋಟೋ ಇಟ್ಟರೆ ಅವನ್ನು ಎಸೆದುಬಿಡುತ್ತಾರೆ. ಸೆರೆಮನೆಯ ವಿಳಾಸಕ್ಕಂತೂ ಹಣ ಕಳಿಸಲೇಬಾರದು.

ಭಾರತದಿಂದ ವೆಸ್ಟರ್ನ್ ಯೂನಿಯನ್, ಮನಿಗ್ರಾಮ್ ಮೂಲಕ ಹೊರಗೆ ಹಣ ಕಳಿಸಲಾಗದು. ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ ಅವು ಒಳಬರುವ ಹಣಕ್ಕೆ ಮಾತ್ರ. ಅಮೆರಿಕದಲ್ಲಿರುವ ಸಂಬಂಧಿಕರ ಖಾತೆಗೆ ಬ್ಯಾಂಕಿನ ಮೂಲಕ ವರ್ಗಾಯಿಸಿ, ಅವರ ಕೈಯಲ್ಲಿ ಕಟ್ಟಿಸುವುದೇ ದಾರಿ.

ಎಷ್ಟು ಕಳಿಸಬೇಕು? ಒಮ್ಮೆಗೆ ದೊಡ್ಡ ಮೊತ್ತ ಬೇಡ. ದಂಡ ಅಥವಾ ಪರಿಹಾರ ಕಟ್ಟಬೇಕಾದವರ ಖಾತೆಗೆ ಬಂದ ಹಣವನ್ನು ನೋಡಿಯೇ ಕಂತು ನಿಗದಿಯಾಗುತ್ತದೆ. ಕನಿಷ್ಠ ಕಂತು ಮೂರು ತಿಂಗಳಿಗೆ 25 ಡಾಲರ್. ಮನೆಯಿಂದ ಹೆಚ್ಚು ಬಂದಷ್ಟೂ ಕಂತು ಏರುತ್ತದೆ. ಜೊತೆಗೆ, ಖಾತೆ ತುಂಬಿದೆಯೆಂದು ಸುತ್ತಲಿನವರಿಗೆ ಗೊತ್ತಾದರೆ ಸಾಲ ಕೇಳುವವರು ಹುಟ್ಟಿಕೊಳ್ಳುತ್ತಾರೆ. ತಿಂಗಳ ಖರ್ಚಿಗೆ ತಕ್ಕಷ್ಟನ್ನು ಪ್ರತಿ ತಿಂಗಳೂ ಅದೇ ದಿನಾಂಕಕ್ಕೆ ಕಟ್ಟಿ. ಅಪರಿಚಿತರು ಫೋನ್ ಮಾಡಿ ಬೇರೊಬ್ಬ ಕೈದಿಯ ಸಂಖ್ಯೆಗೆ ಹಣ ಹಾಕಿ ಎಂದರೆ ಹಾಕಬೇಡಿ. ನಿಮ್ಮವರೇ ಹಾಗೆ ಕೇಳಿದರೆ ಅವರು ಜೂಜಿನಲ್ಲೋ ಸಾಲದಲ್ಲೋ ಬೆದರಿಕೆಯಲ್ಲೋ ಸಿಕ್ಕಿದ್ದಾರೆಂದು ತಿಳಿದು ವಕೀಲರೊಂದಿಗೆ ಮಾತಾಡಿ.

ಫೋನು ಮತ್ತು ಇಮೇಲ್

ನೀವು ಒಳಗೆ ಫೋನ್ ಮಾಡಲಾಗದು, ಅವರೇ ಮಾಡಬೇಕು. ಪಟ್ಟಿಯಲ್ಲಿ ಸಾಮಾನ್ಯವಾಗಿ 30 ಸಂಖ್ಯೆಗಳವರೆಗೆ ಇಡಬಹುದು. ತಿಂಗಳಿಗೆ ಸಾಮಾನ್ಯವಾಗಿ 300 ನಿಮಿಷ, ಒಂದು ಕರೆಗೆ 15 ನಿಮಿಷ. ಎತ್ತಿದೊಡನೆ ಇದು ಫೆಡರಲ್ ಸೆರೆಮನೆಯಿಂದ ಬಂದ ಕರೆ ಎಂಬ ಧ್ವನಿಮುದ್ರಣ ಕೇಳಿಸುತ್ತದೆ. ಅದನ್ನು ವಂಚನೆಯ ಕರೆಯೆಂದು ಕತ್ತರಿಸಿಬಿಡುವ ಅಜ್ಜ ಅಜ್ಜಿಯರಿಗೆ ಮೊದಲೇ ಹೇಳಿಡಿ. ಪೂರ್ತಿ ಕೇಳಿ, ಅದು ಹೇಳಿದ ಗುಂಡಿ ಒತ್ತಿದರೆ ಮಾತ್ರ ಮಾತು ಶುರು.

ರೇ ಬ್ರೂಕ್‌ನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 8 ಆದಾಗ ಊರಲ್ಲಿ ಬೆಳಗಿನ ಐದೂವರೆ ಅಥವಾ ಆರೂವರೆ. ಕೈದಿಗಳಿಗೂ ಮನೆಯವರಿಗೂ ಅನುಕೂಲವಾದ ಹೊತ್ತು ಅದೇ. ಅಲ್ಲಿನ ಸಂಜೆ 4ಕ್ಕೆ ದೇಶದ ಎಲ್ಲ ಫೆಡರಲ್ ಸೆರೆಮನೆಗಳಲ್ಲೂ ಎದ್ದು ನಿಂತು ತಲೆ ಎಣಿಸಿಕೊಳ್ಳುವ ಹೊತ್ತು, ಆಗ ಯಾವ ಕರೆಯೂ ಬಾರದು.

ಎಲ್ಲರಿಗಿಂತ ಹೆಚ್ಚಾಗಿ ನಮ್ಮವರು ಮಾಡುವ ತಪ್ಪು ಕಾನ್ಫರೆನ್ಸ್ ಕರೆ. ಅಮೆರಿಕದಲ್ಲಿರುವ ಅಕ್ಕನಿಗೆ ಫೋನ್ ಬಂದಾಗ ಆಕೆ ಊರಿನ ಅಮ್ಮನನ್ನೂ ಅದೇ ಕರೆಗೆ ಸೇರಿಸುತ್ತಾಳೆ, ಇಲ್ಲವೇ ಇನ್ನೊಂದು ಮೊಬೈಲನ್ನು ಪಕ್ಕದಲ್ಲಿಟ್ಟು ಸ್ಪೀಕರ್ ಹಾಕುತ್ತಾಳೆ. ಮೂರನೆಯವರನ್ನು ಸೇರಿಸುವುದು, ಕರೆಯನ್ನು ಬೇರೆಡೆಗೆ ತಿರುಗಿಸುವುದು ಶಿಸ್ತು ಉಲ್ಲಂಘನೆ. ಕರೆಗಳೆಲ್ಲ ಮುದ್ರಣವಾಗುತ್ತವೆ, ಕನ್ನಡದ ಕರೆಯೂ ಬಿಡುವುದಿಲ್ಲ. ಶಿಕ್ಷೆ ಅಕ್ಕನಿಗಲ್ಲ, ಒಳಗಿರುವವರಿಗೆ: ತಿಂಗಳುಗಟ್ಟಲೆ ಫೋನ್ ನಿಲ್ಲಬಹುದು. ವಿದೇಶಿ ಕರೆಯ ದರ ಹೆಚ್ಚಾದರೂ ಅಮ್ಮನ ಸಂಖ್ಯೆಯನ್ನೇ ಪಟ್ಟಿಗೆ ಸೇರಿಸಿ, ವಾರಕ್ಕೊಂದೇ ಕರೆಯಾದರೂ ಸರಿ, ನೇರವಾಗಿ ಮಾತಾಡಲಿ. ಕಳ್ಳದಾರಿಯಲ್ಲಿ ಒಳಗೆ ಬಂದ ಮೊಬೈಲಿನಿಂದ ಕರೆ ಬಂದರೆ ಎತ್ತಬೇಡಿ. ಒಳಗೆ ಮೊಬೈಲ್ ಇಟ್ಟುಕೊಳ್ಳುವುದು ಅತಿ ಗಂಭೀರ ಶ್ರೇಣಿಯ ಶಿಸ್ತು ಉಲ್ಲಂಘನೆ, 2010ರ ಕಾಯ್ದೆಯಿಂದ ಫೆಡರಲ್ ಅಪರಾಧವೂ ಹೌದು.

ಇಮೇಲ್ ನಡೆಯುವುದು ಕೊರ್‌ಲಿಂಕ್ಸ್ ಎಂಬ ತಾಣದ ಮೂಲಕ. ಒಳಗಿರುವವರು ನಿಮ್ಮ ವಿಳಾಸ ಸೇರಿಸಿದಾಗ ಒಂದು ಸಂಕೇತದೊಂದಿಗೆ ಆಹ್ವಾನ ಬರುತ್ತದೆ. ಕೆಲವೇ ದಿನಗಳಲ್ಲಿ ಅದು ಮುಗಿದುಹೋಗುವುದರಿಂದ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ. ಬರಹ ಮಾತ್ರ, 13,000 ಅಕ್ಷರದವರೆಗೆ. ಚಿತ್ರ, ಕಡತ ಹೋಗದು. ಕನ್ನಡ ಲಿಪಿ ಆ ಕಡೆ ಸರಿಯಾಗಿ ಮೂಡುತ್ತದೆಂದು ನಂಬಿ ಕೂರದೆ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಓದಲು ಅವರಿಗೆ ನಿಮಿಷಕ್ಕೆ ಇಷ್ಟೆಂದು ಹಣ ಹೋಗುತ್ತದೆ, ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಇರಲಿ.

ಭೇಟಿ

ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ 4 ಗಂಟೆಯ ಭೇಟಿ ಕೊಡಬೇಕು. ತಂದೆತಾಯಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು ಹತ್ತಿರದ ಕುಟುಂಬ. ಅಜ್ಜ ಅಜ್ಜಿ, ಚಿಕ್ಕಪ್ಪ, ಮಾವ, ಅತ್ತೆ ಮನೆಯವರು ಬಂಧುಗಳು. ಸ್ನೇಹಿತರು ಸೆರೆಗೆ ಹೋಗುವ ಮುನ್ನವೇ ಪರಿಚಯವಿದ್ದವರಾಗಿರಬೇಕು. ತನಿಖಾ ವರದಿಯಲ್ಲಿ ಹೆಸರಿರುವ ಹತ್ತಿರದವರಿಗೆ ಒಪ್ಪಿಗೆ ಬೇಗ ಸಿಗುತ್ತದೆ. ಉಳಿದವರಿಗೆ ಒಳಗಿನಿಂದ ಒಂದು ಅರ್ಜಿ ಅಂಚೆಯಲ್ಲಿ ಬರುತ್ತದೆ. ತುಂಬಿ, ಸಹಿ ಹಾಕಿ, ಕೌನ್ಸೆಲರ್ ಎಂಬ ಸೆರೆಮನೆಯ ಸಿಬ್ಬಂದಿಗೆ ವಾಪಸು ಕಳಿಸಬೇಕು. ಹಳೆಯ ಪ್ರಕರಣವೇನಾದರೂ ಇದ್ದರೆ ಮುಚ್ಚಿಡಬೇಡಿ. ಹಿನ್ನೆಲೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಸುಳ್ಳು ಹೇಳಿದ್ದಕ್ಕೇ ಹೆಸರು ತೆಗೆಯುತ್ತಾರೆ.

ಭಾರತದಿಂದ ಬರುವ ಅಪ್ಪ ಅಮ್ಮ ಸಂದರ್ಶಕ ವೀಸಾಕ್ಕೆ ಮೊದಲೇ ಅರ್ಜಿ ಹಾಕಬೇಕು, ಭೇಟಿಯ ಪಟ್ಟಿಯಲ್ಲಿ ಹೆಸರು ಸೇರಿದ್ದನ್ನು ಖಚಿತಪಡಿಸಿಕೊಂಡ ನಂತರವೇ ಟಿಕೆಟ್ ತೆಗೆಯಬೇಕು. ಗುರುತಿಗೆ ಪಾಸ್‌ಪೋರ್ಟನ್ನೇ ಒಯ್ಯಿರಿ, ಆಧಾರ್ ನೆಚ್ಚಬೇಡಿ. 16 ವರ್ಷ ತುಂಬಿದ ಎಲ್ಲರಿಗೂ ಭಾವಚಿತ್ರವಿರುವ ಸರ್ಕಾರಿ ಗುರುತು ಬೇಕು. ಅದಕ್ಕಿಂತ ಚಿಕ್ಕವರ ಜೊತೆ ದೊಡ್ಡವರಿರಬೇಕು.

ಬಟ್ಟೆಯ ವಿಷಯಕ್ಕೆ ಬಾಗಿಲಲ್ಲೇ ವಾಪಸು ಕಳಿಸಿದ ಉದಾಹರಣೆಗಳು ಸಾಕಷ್ಟಿವೆ. ಕೈದಿಗಳು ಖಾಕಿ ಹಾಕುತ್ತಾರೆ, ಅದಕ್ಕೇ ಸಂದರ್ಶಕರು ಖಾಕಿ, ಹಸಿರು ಬಣ್ಣದ ಬಟ್ಟೆ ಬಿಡಬೇಕು. ತೋಳಿಲ್ಲದ್ದು, ಮೈ ಕಾಣುವಂಥದ್ದು, ಚಡ್ಡಿ ನಡೆಯುವುದಿಲ್ಲ. ಸೀರೆಯಲ್ಲಿ ಸೊಂಟ ಕಾಣುವುದರಿಂದ ಆ ದಿನ ಯಾರು ಕರ್ತವ್ಯದಲ್ಲಿದ್ದಾರೆ ಎಂಬುದರ ಮೇಲೆ ತೀರ್ಮಾನ ಬದಲಾಗಬಹುದು. ತುಂಬು ತೋಳಿನ ಚೂಡಿದಾರ ಎಲ್ಲಕ್ಕಿಂತ ಸುರಕ್ಷಿತ; ಇನ್ನೊಂದು ಜೊತೆ ಬಟ್ಟೆ ಕಾರಿನಲ್ಲಿರಲಿ. ಲೋಹ ಪತ್ತೆ ಯಂತ್ರ ದಾಟಬೇಕು. ತಾಳಿ, ಮದುವೆ ಉಂಗುರದಂಥದ್ದನ್ನು ಬಿಟ್ಟು ಬಳೆ, ಕಾಲುಂಗುರ, ಸರ, ಹೇರ್‌ಪಿನ್, ತಂತಿಯಿರುವ ಒಳಉಡುಪು ಮನೆಯಲ್ಲೇ ಬಿಟ್ಟು ಬನ್ನಿ. ಕೈ ಒರೆಸಿ ಮಾದಕ ವಸ್ತುವಿನ ಪರೀಕ್ಷೆ ಮಾಡುವುದೂ ಉಂಟು. ಆ ದಿನ ಬೆಳಿಗ್ಗೆ ಪೆಟ್ರೋಲ್ ಹಾಕಿಸಿದ್ದರೆ, ಹಳೆಯ ನೋಟು ಮುಟ್ಟಿದ್ದರೆ ಕೈ ಚೆನ್ನಾಗಿ ತೊಳೆದುಕೊಂಡು ಒಳಗೆ ಹೋಗಿ.

ಒಳಗೆ ಒಯ್ಯಬಹುದಾದದ್ದು ಗುರುತಿನ ಚೀಟಿ, ಕಾರಿನ ಕೀ, ತಿಂಡಿ ಯಂತ್ರಕ್ಕೆ ಪಾರದರ್ಶಕ ಚೀಲದಲ್ಲಿ ಚಿಲ್ಲರೆ, ಹಸುಗೂಸಿದ್ದರೆ ಅದರ ಸಾಮಾನು, ಅಷ್ಟೇ. ಮನೆಯ ಚಕ್ಕುಲಿ, ಹೋಳಿಗೆ ಒಳಗೆ ಬಿಡುವುದಿಲ್ಲ. ಮೊಬೈಲನ್ನು ಕಾರಿನಲ್ಲೇ ಬಿಡಬೇಕು. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಅಪ್ಪಿಕೊಳ್ಳಬಹುದು. ಕಾಲು ಮುಟ್ಟಿ ನಮಸ್ಕಾರ ಮಾಡುವುದು ನಮಗೆ ಸಹಜ. ಕ್ಯಾಮೆರಾ ನೋಡುತ್ತಿರುವವರಿಗೆ ಅದು ಏನನ್ನೋ ಹಸ್ತಾಂತರಿಸಿದಂತೆ ಕಾಣಬಹುದು, ಅಲ್ಲಿರುವ ಸಿಬ್ಬಂದಿಗೆ ಮೊದಲೇ ಒಂದು ಮಾತು ಹೇಳಿ.

ರೇ ಬ್ರೂಕ್‌ಗೆ ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ 5 ಗಂಟೆಗೂ ಹೆಚ್ಚು. ಬಸ್ಸಿನಲ್ಲಾದರೆ ಅಡಿರಾಂಡಾಕ್ ಟ್ರೈಲ್‌ವೇಸ್ ಲೇಕ್ ಪ್ಲಾಸಿಡ್‌ವರೆಗೆ ಹೋಗುತ್ತದೆ, ಅಲ್ಲಿಂದ ಟ್ಯಾಕ್ಸಿ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ಊರಿನಿಂದ ಬರುವ ವಯಸ್ಸಾದವರನ್ನು ಮೇ ತಿಂಗಳಿಂದ ಅಕ್ಟೋಬರ್ ನಡುವೆ ಕರೆದೊಯ್ಯಿರಿ. ಹೊರಡುವ ಬೆಳಿಗ್ಗೆ ಸೆರೆಮನೆಯ ಪುಟದಲ್ಲಿ ಭೇಟಿ ರದ್ದಾಗಿದೆಯೇ ನೋಡಿಕೊಳ್ಳಿ. ಮಧ್ಯಮ ಭದ್ರತೆಯ ಕಡೆ ಒಂದು ಹೊಡೆದಾಟವಾದರೆ ಇಡೀ ಸೆರೆಮನೆಗೆ ಬೀಗ ಬೀಳುತ್ತದೆ.

ಊಟ, ಔಷಧಿ, ಪೂಜೆ

ಊಟದ ಸಾಲಿನಲ್ಲಿ ಮಾಂಸವಿಲ್ಲದ ಆಯ್ಕೆ ಎಲ್ಲರಿಗೂ ಸಿಗುತ್ತದೆ, ಬಹುತೇಕ ಬೀನ್ಸ್ ಕಾಳು, ಸೋಯಾ, ಅನ್ನ, ತರಕಾರಿ. ಧರ್ಮದ ಕಾರಣಕ್ಕೆ ಬೇರೆ ಆಹಾರ ಬೇಕಿದ್ದರೆ ಚಾಪ್ಲಿನ್ ಎಂಬ ಧಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಬೇಕು. ಜಪಮಾಲೆಗೂ ಅವರದೇ ಅನುಮತಿ. ಔಷಧಿ ಕಳಿಸುವಂತಿಲ್ಲ. ಬದಲಿಗೆ ವೈದ್ಯರ ದಾಖಲೆ ಕಳಿಸಿ, ಅದರಲ್ಲಿ ಬ್ರಾಂಡ್ ಹೆಸರಿನ ಬದಲು ಔಷಧಿಯ ರಾಸಾಯನಿಕ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಬರೆಸಿ. ಡೋಲೋ ಎಂದರೆ ಅಲ್ಲಿ ಯಾರಿಗೂ ತಿಳಿಯದು, ಪ್ಯಾರಸಿಟಮಾಲ್‌ಗೂ ಅಲ್ಲಿ ಅಸಿಟಮಿನೋಫೆನ್ ಎಂದೇ ಹೆಸರು. ತಾವಾಗಿ ಕೇಳಿ ವೈದ್ಯರನ್ನು ಕಂಡರೆ 2 ಡಾಲರ್ ಕಡಿತ.

ಇದ್ದಕ್ಕಿದ್ದಂತೆ ಸುದ್ದಿ ನಿಂತರೆ

ಮೊದಲು ಹುಡುಕುವ ಪುಟ ನೋಡಿ: ಸೆರೆಮನೆ ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಲ್ಲೇ ಇದ್ದಾರೆಂದರೆ ಬೀಗ ಹಾಕಿದ್ದಾರೆ, ನಿಮಿಷ ಮುಗಿದಿದೆ, ಅಥವಾ ಇತರರಿಂದ ಪ್ರತ್ಯೇಕವಾಗಿಡುವ ವಿಶೇಷ ವಸತಿ ವಿಭಾಗಕ್ಕೆ ಹಾಕಿದ್ದಾರೆ. ಆ ವಿಭಾಗಕ್ಕೆ ತಪ್ಪು ಮಾಡಿದವರನ್ನಷ್ಟೇ ಅಲ್ಲ, ತನಿಖೆಗೂ ರಕ್ಷಣೆಗೂ ಹಾಕುತ್ತಾರೆ. ಅಲ್ಲಿ ಫೋನ್ ಸಿಗುವುದು ತಿಂಗಳಿಗೆ ಒಂದೆರಡು ಸಲ, ಪತ್ರ ಮಾತ್ರ ಎಂದಿನಂತೆ ತಲುಪುತ್ತದೆ. ಆಗ ದಿನಕ್ಕೊಂದು ಚಿಕ್ಕ ಪತ್ರ ಹಾಕಿ. ಕಚೇರಿಗೆ ಫೋನ್ ಮಾಡಿದರೆ ಕಾರಣ ಹೇಳುವುದಿಲ್ಲ. ಆದರೆ ಆರೋಗ್ಯದ ಅಥವಾ ಆತ್ಮಹತ್ಯೆಯ ಭಯವಿದ್ದರೆ ಅದನ್ನು ಸ್ಪಷ್ಟ ಮಾತಿನಲ್ಲಿ ಹೇಳಿ, ಯಾರೊಂದಿಗೆ ಮಾತಾಡಿದಿರಿ, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ.

ದೂರು ಕೊಡಬೇಕಾದವರು ಒಳಗಿರುವವರೇ. ಮೊದಲು ಕೌನ್ಸೆಲರ್ ಬಳಿ ಬಿಪಿ-8 ಎಂಬ ದೂರಿನ ನಮೂನೆ, ಬಗೆಹರಿಯದಿದ್ದರೆ ಘಟನೆಯಾದ 20 ದಿನದೊಳಗೆ ವಾರ್ಡನ್‌ಗೆ ಬಿಪಿ-9, ಅವರ ಉತ್ತರದ 20 ದಿನದೊಳಗೆ ಪ್ರಾದೇಶಿಕ ಕಚೇರಿಗೆ ಬಿಪಿ-10, ಆಮೇಲೆ 30 ದಿನದೊಳಗೆ ವಾಷಿಂಗ್ಟನ್‌ನ ಕೇಂದ್ರ ಕಚೇರಿಗೆ ಬಿಪಿ-11. 1996ರ ಕಾಯ್ದೆಯಂತೆ ಈ ಮೆಟ್ಟಿಲುಗಳನ್ನೆಲ್ಲ ಹತ್ತದೆ ಕೋರ್ಟಿಗೆ ಹೋದರೆ ಪ್ರಕರಣ ವಜಾ ಆಗುತ್ತದೆ. ದಿನಾಂಕ ನೆನಪಿಸುವ ಕೆಲಸ ಹೊರಗಿನವರು ಮಾಡಬಹುದು.

ಬಿಡುಗಡೆ ಮತ್ತು ಪಾಸ್‌ಪೋರ್ಟ್

ಫೆಡರಲ್ ವ್ಯವಸ್ಥೆಯಲ್ಲಿ 1987ರ ನವೆಂಬರ್ 1ರ ನಂತರದ ಅಪರಾಧಗಳಿಗೆ ಪೆರೋಲ್, ಅಂದರೆ ಶಿಕ್ಷೆ ಮುಗಿಯುವ ಮುನ್ನವೇ ಷರತ್ತಿನ ಮೇಲೆ ಬಿಡುಗಡೆ, ಇಲ್ಲ. ಒಳ್ಳೆಯ ನಡತೆಗೆ ಶಿಕ್ಷೆಯ ಪ್ರತಿ ವರ್ಷಕ್ಕೆ 54 ದಿನದವರೆಗೆ ಕಡಿತ. 2018ರ ಫಸ್ಟ್ ಸ್ಟೆಪ್ ಕಾಯ್ದೆಯಡಿ ತರಬೇತಿಗಳಲ್ಲಿ ಭಾಗವಹಿಸಿದವರಿಗೆ 30 ದಿನಕ್ಕೆ 10 ದಿನ, ಅಪಾಯದ ಅಂದಾಜು ಕಡಿಮೆ ಬಂದವರಿಗೆ 15 ದಿನದ ಲೆಕ್ಕದಲ್ಲಿ ಇನ್ನಷ್ಟು ಸಿಗುತ್ತದೆ. ಆದರೆ ಗಡೀಪಾರಿನ ಅಂತಿಮ ಆದೇಶವಿದ್ದವರಿಗೆ ಈ ಎರಡನೆಯದು ಅನ್ವಯಿಸದು. ಭಾರತೀಯ ಪ್ರಜೆಯಾದರೆ ಬಿಡುಗಡೆಯ ದಿನ ಗೇಟಿನ ಹೊರಗೆ ಕಾಯುವ ಮುನ್ನ, ವಲಸೆ ಇಲಾಖೆ ತಮ್ಮ ವಶಕ್ಕೆ ಕೇಳಿದೆಯೇ ಎಂದು ಕೇಸ್ ಮ್ಯಾನೇಜರ್ ಮೂಲಕ ತಿಳಿದುಕೊಳ್ಳಿ. ಕೇಳಿದ್ದರೆ ಅವರು ಸೀದಾ ವಲಸೆ ಬಂಧನ ಕೇಂದ್ರಕ್ಕೆ ಹೋಗುತ್ತಾರೆ.

ಉಳಿದ ಶಿಕ್ಷೆಯನ್ನು ಊರಲ್ಲಿ ಅನುಭವಿಸುವ ದಾರಿಯೂ ಇದೆ. ಭಾರತದ 2003ರ ಕೈದಿಗಳ ವಾಪಸಾತಿ ಕಾಯ್ದೆ ಹಾಗೂ ಎರಡೂ ದೇಶಗಳು ಸೇರಿರುವ ಅಂತರ ಅಮೆರಿಕ ಒಪ್ಪಂದ ಅದಕ್ಕೆ ಆಧಾರ. ಮೇಲ್ಮನವಿಗಳೆಲ್ಲ ಮುಗಿದಿರಬೇಕು, ಕನಿಷ್ಠ 6 ತಿಂಗಳ ಶಿಕ್ಷೆ ಬಾಕಿಯಿರಬೇಕು, ಕೈದಿಯೂ ಎರಡೂ ಸರ್ಕಾರಗಳೂ ಒಪ್ಪಬೇಕು. ಅರ್ಜಿ ಕೇಸ್ ಮ್ಯಾನೇಜರ್ ಬಳಿ ಶುರುವಾಗಿ, ನಮ್ಮ ಕಡೆ ಗೃಹ ಸಚಿವಾಲಯಕ್ಕೆ ಬರುತ್ತದೆ. ನಿಧಾನದ ಕೆಲಸ, ಸಣ್ಣ ಶಿಕ್ಷೆಯವರಿಗೆ ಇದರಿಂದ ಅಷ್ಟು ಲಾಭವಿಲ್ಲ.

ಭಾರತೀಯನೊಬ್ಬ ಬಂಧಿತನಾದರೆ ದೂತಾವಾಸಕ್ಕೆ ತಾನಾಗಿಯೇ ಸುದ್ದಿ ಹೋಗುವುದಿಲ್ಲ. ಕೈದಿ ಕೇಳಿದರೆ ಮಾತ್ರ ತಿಳಿಸುತ್ತಾರೆ. ಒಳಗಿನಿಂದ ದೂತಾವಾಸಕ್ಕೆ ಬರೆಯುವ ಪತ್ರ ವಿಶೇಷ ಅಂಚೆ, ಅದನ್ನು ಮುಚ್ಚಿಯೇ ಕಳಿಸಬಹುದು. ರೇ ಬ್ರೂಕ್‌ನವರು ಬರೆಯಬೇಕಾದದ್ದು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್‌ಗೆ. ಶಿಕ್ಷೆಯ ನಡುವೆ ಪಾಸ್‌ಪೋರ್ಟಿನ ಅವಧಿ ಮುಗಿದವರಿಗೆ ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದಕ್ಕೆ ರಾಷ್ಟ್ರೀಯತೆ ಖಚಿತವಾಗಬೇಕು. ಅದು ಆಗುವವರೆಗೆ ಶಿಕ್ಷೆ ಮುಗಿದರೂ ವಲಸೆ ಬಂಧನದಲ್ಲಿ ಕಾಯಬೇಕು. ಬಿಡುಗಡೆಗೆ ಒಂದು ವರ್ಷ ಇರುವಾಗಲೇ ಹಳೆಯ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ತಂದೆತಾಯಿಯ ಗುರುತಿನ ಪ್ರತಿಗಳನ್ನು ಒಂದು ಕಡತ ಮಾಡಿ ಕಾನ್ಸುಲೇಟ್‌ಗೆ ಕಳಿಸಿ, ಇನ್ನೊಂದು ಪ್ರತಿ ವಕೀಲರ ಬಳಿ ಇರಲಿ. ಹೊರಡುವಾಗ ತೊಡುವ ಬಟ್ಟೆಯನ್ನು ಬಿಡುಗಡೆಗೆ ಮುಂಚಿನ 30 ದಿನಗಳಲ್ಲಿ, ಅನುಮತಿ ಪಡೆದು, ಒಳಗೆ ಕಳಿಸಬಹುದು.